ಸೂಚ್ಯಂಕದ ಏರಿಕೆ ಶೇ 6, ನನ್ನ ಮನೆಯ ಖರ್ಚಿನ ಏರಿಕೆ ಶೇ 11: ಇದರಲ್ಲಿ ಯಾವ ಲೆಕ್ಕ ತಪ್ಪು?

ಜಮಾಖರ್ಚು (ಪ್ರಶ್ನೆ)

ನಾನು ಅರ್ಥಶಾಸ್ತ್ರ ಓದಿದವನಲ್ಲ. ಪ್ರತಿ ದಿನದ ಖರ್ಚನ್ನು ಬರೆದಿಡುವ ಅಭ್ಯಾಸವಿರುವ ಒಬ್ಬ ಸಾಮಾನ್ಯ ನೌಕರ. ನಮ್ಮ ಸಂಸ್ಥೆಯ ವೇತನ ಒಪ್ಪಂದದಲ್ಲಿ, ಗ್ರಾಹಕ ಬೆಲೆ ಸೂಚ್ಯಂಕ ಎಷ್ಟು ಏರುತ್ತದೆಯೋ ಅಷ್ಟೇ ಪ್ರಮಾಣದಲ್ಲಿ ವೇತನವನ್ನೂ ಏರಿಸಬೇಕೆಂಬ ಷರತ್ತಿದೆ. ಕಳೆದ ಹನ್ನೆರಡು ತಿಂಗಳಲ್ಲಿ ಸೂಚ್ಯಂಕ ಶೇ 6ರಷ್ಟು ಏರಿದ್ದರಿಂದ ವೇತನವೂ ಶೇ 6ರಷ್ಟು ಏರಿತು. ಆದರೆ ಅದೇ ಅವಧಿಯಲ್ಲಿ ನಮ್ಮ ಮನೆಯ ಒಟ್ಟು ಖರ್ಚು ಶೇ 11ರಷ್ಟು ಹೆಚ್ಚಾಗಿರುವುದು ನನ್ನ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಸಹೋದ್ಯೋಗಿಗಳಲ್ಲಿ ಹಲವರು "ಸೂಚ್ಯಂಕವೇ ಸುಳ್ಳು, ಬೇಕೆಂದೇ ಕಡಿಮೆ ತೋರಿಸುತ್ತಾರೆ" ಎನ್ನುತ್ತಾರೆ. ಅಷ್ಟು ಸುಲಭವಾಗಿ ತೀರ್ಪು ಕೊಡಲು ನನಗೆ ಮನಸ್ಸಿಲ್ಲ.

ಇದರ ಬಗ್ಗೆ ಓದುತ್ತಿದ್ದಾಗ "ಬೆಲೆ ಸೂಚ್ಯಂಕ ಬೇರೆ, ಜೀವನ ವೆಚ್ಚ ಸೂಚ್ಯಂಕ ಬೇರೆ" ಎಂಬ ಮಾತು ಕಣ್ಣಿಗೆ ಬಿತ್ತು. ಅವೆರಡೂ ಬೇರೆಯಾದರೆ ಅವುಗಳ ನಡುವಿನ ಅಂತರ ಎಷ್ಟು, ಮತ್ತು ವೇತನದಂತಹ ವಿಷಯಕ್ಕೆ ಬೆಲೆ ಸೂಚ್ಯಂಕವನ್ನೇ ಏಕೆ ಬಳಸುತ್ತಾರೆ? ಮುಂದಿನ ತಿಂಗಳು ಒಪ್ಪಂದದ ಮರುಪರಿಶೀಲನೆಗೆ ಸಭೆ ಇದೆ. ಅಲ್ಲಿ ಏನು ಕೇಳಬೇಕೆಂಬುದನ್ನು ತಿಳಿದುಕೊಂಡೇ ಹೋಗಬೇಕೆಂದಿದ್ದೇನೆ. ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಅಳತೆಗೋಲು

ಜಮಾಖರ್ಚು ಅವರೇ, ಸೂಚ್ಯಂಕವನ್ನು ದೂರುವ ಮೊದಲು ನಿಮ್ಮ ಪುಸ್ತಕವನ್ನೇ ಒಮ್ಮೆ ಪ್ರಶ್ನಿಸಬೇಕಾಗುತ್ತದೆ. ಖರ್ಚು ಎಂದರೆ ಬೆಲೆಯನ್ನು ಪ್ರಮಾಣದಿಂದ ಗುಣಿಸಿದಾಗ ಬರುವ ಮೊತ್ತ. ಬೆಲೆಗಳು ಕದಲದೆಯೇ, ನೀವು ಹೆಚ್ಚು ಕೊಂಡಿದ್ದರಿಂದಲೋ ಮೇಲಿನ ದರ್ಜೆಯದನ್ನು ಕೊಂಡಿದ್ದರಿಂದಲೋ ಖರ್ಚು ಏರಬಹುದು. ಸೂಚ್ಯಂಕವು ಪ್ರಮಾಣವನ್ನು ಕಟ್ಟಿಹಾಕಿ ಬೆಲೆಯನ್ನು ಮಾತ್ರ ಚಲಿಸಲು ಬಿಡುತ್ತದೆ. ಆದ್ದರಿಂದ ನಿಮ್ಮ ಶೇ 11ನ್ನು ಅದರ ಶೇ 6ರ ಪಕ್ಕದಲ್ಲಿ ನೇರವಾಗಿ ಇಡುವುದು ನ್ಯಾಯವಲ್ಲ. ಕಳೆದ ವರ್ಷ ಕೊಂಡಷ್ಟೇ ಪ್ರಮಾಣದ ಅವೇ ವಸ್ತುಗಳನ್ನು ಈ ವರ್ಷದ ಬೆಲೆಗೆ ಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂಬುದನ್ನು ಮೊದಲು ಲೆಕ್ಕ ಹಾಕಿ ನೋಡಿ.

ಇನ್ನು ಬೆಲೆ ಸೂಚ್ಯಂಕಕ್ಕೂ ಜೀವನ ವೆಚ್ಚ ಸೂಚ್ಯಂಕಕ್ಕೂ ಇರುವ ವ್ಯತ್ಯಾಸ. ನಿಮ್ಮ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಫ್ಲೀಟ್‌ವುಡ್ 1707ರಲ್ಲಿ ಎತ್ತಿಕೊಂಡ ಸಮಸ್ಯೆಯೂ ಹೆಚ್ಚುಕಡಿಮೆ ಇದೇ ಆಗಿತ್ತು. ಹದಿನೈದನೆಯ ಶತಮಾನದ ಕಾಲೇಜು ನಿಯಮವೊಂದು ವರ್ಷಕ್ಕೆ ಐದು ಪೌಂಡಿಗಿಂತ ಹೆಚ್ಚು ಆದಾಯವಿರುವವರು ಅಲ್ಲಿನ ಸದಸ್ಯತ್ವವನ್ನು ಬಿಟ್ಟುಕೊಡಬೇಕೆಂದು ಹೇಳುತ್ತಿತ್ತು. ಎರಡೂವರೆ ಶತಮಾನಗಳ ನಂತರ ಆ ಐದು ಪೌಂಡಿನ ಅರ್ಥವೇನು ಎಂಬುದನ್ನು ಅವರು ಅಕ್ಷರಶಃ ಓದಲಿಲ್ಲ. ಅದೇ ಹಣಕ್ಕೆ ಆಗ ಎಷ್ಟು ಧಾನ್ಯ, ಮಾಂಸ, ಪಾನೀಯ ಮತ್ತು ಬಟ್ಟೆ ಸಿಗುತ್ತಿತ್ತು, ಅಷ್ಟನ್ನೇ ಈಗ ಕೊಳ್ಳಲು ಎಷ್ಟು ಬೇಕು ಎಂದು ಹುಡುಕಿದರು. ನಿಗದಿತ ಬುಟ್ಟಿಯ, ಅಂದರೆ ಬೆಲೆ ಹೋಲಿಸಲು ಹಿಡಿದಿಟ್ಟ ವಸ್ತುಗಳ ಮತ್ತು ಅವುಗಳ ಪ್ರಮಾಣಗಳ ಪಟ್ಟಿಯ, ಕಲ್ಪನೆಯ ಬೇರು ಇರುವುದು ಇಂಥ ಲೆಕ್ಕದಲ್ಲೇ.

ಮುಂದೆ ಜರ್ಮನಿಯ ಎಟಿಯೆನ್ ಲಾಸ್‌ಪೆಯರ್ 1871ರಲ್ಲಿ ಹಳೆಯ ಅವಧಿಯ ಬುಟ್ಟಿಯನ್ನೂ, ಹರ್ಮನ್ ಪಾಷೆ 1874ರಲ್ಲಿ ಹೊಸ ಅವಧಿಯ ಬುಟ್ಟಿಯನ್ನೂ ಆಧರಿಸಿದ ಸೂತ್ರಗಳನ್ನು ಮುಂದಿಟ್ಟರು. ಎರಡಕ್ಕೂ ಎಷ್ಟು ಅಂತರ ಬರಬಹುದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. ಎರಡೇ ವಸ್ತುಗಳಿವೆ, ಎರಡರ ಬೆಲೆಯೂ 10, ಪ್ರತಿಯೊಂದನ್ನೂ 10ರಂತೆ ಕೊಳ್ಳುತ್ತೀರಿ ಎಂದುಕೊಳ್ಳಿ. ಒಟ್ಟು ಖರ್ಚು 200. ಮುಂದಿನ ವರ್ಷ ಮೊದಲನೆಯದರ ಬೆಲೆ 20 ಆಗುತ್ತದೆ, ಎರಡನೆಯದು 10ರಲ್ಲೇ ಉಳಿಯುತ್ತದೆ. ನೀವು ಮೊದಲನೆಯದನ್ನು 5ಕ್ಕೆ ಇಳಿಸಿ ಎರಡನೆಯದನ್ನು 15ಕ್ಕೆ ಏರಿಸುತ್ತೀರಿ. ಹಳೆಯ ಬುಟ್ಟಿಗೆ ಹೊಸ ಬೆಲೆಯಲ್ಲಿ 300 ಬೇಕು. ಹಳೆಯ 200ನ್ನು 100 ಎಂದಿಟ್ಟುಕೊಂಡರೆ ಸೂಚ್ಯಂಕ 150. ಹೊಸ ಬುಟ್ಟಿಗೆ ಈಗ 250 ಆಗುತ್ತದೆ, ಹಳೆಯ ಬೆಲೆಯಲ್ಲಿ 200 ಆಗುತ್ತಿತ್ತು, ಸೂಚ್ಯಂಕ 125. ಬೆಲೆಗಳಲ್ಲಿ ಯಾವ ವಿವಾದವೂ ಇಲ್ಲ, ಪ್ರಮಾಣಗಳಲ್ಲೂ ಇಲ್ಲ. ಆದರೂ ಒಂದು ಲೆಕ್ಕ ಶೇ 50 ಎನ್ನುತ್ತದೆ, ಇನ್ನೊಂದು ಶೇ 25 ಎನ್ನುತ್ತದೆ.

ಇವುಗಳಲ್ಲಿ ಜೀವನ ವೆಚ್ಚ ಯಾವುದು? ಎರಡೂ ಅಲ್ಲ. ರಷ್ಯಾದ ಅಲೆಕ್ಸಾಂಡರ್ ಕೊನ್ಯೂಸ್ 1924ರಲ್ಲಿ ಹೇಳಿದಂತೆ, ಜೀವನ ವೆಚ್ಚ ಸೂಚ್ಯಂಕವು ಅದೇ ಬುಟ್ಟಿಗೆ ಎಷ್ಟು ಬೇಕೆಂದು ಕೇಳುವುದಿಲ್ಲ. ಅದೇ ಮಟ್ಟದ ತೃಪ್ತಿಯಲ್ಲಿ ಬದುಕಲು ಕನಿಷ್ಠ ಎಷ್ಟು ಬೇಕೆಂದು ಕೇಳುತ್ತದೆ. ಬೆಲೆ ಏರಿದ ವಸ್ತುವಿನ ಬದಲಿಗೆ ಜನರು ಬೇರೆಯದನ್ನು ಆರಿಸಿಕೊಳ್ಳುವುದರಿಂದ, ಹಳೆಯ ಜೀವನಮಟ್ಟವನ್ನು ಉಳಿಸಿಕೊಳ್ಳಲು ಹಳೆಯ ಬುಟ್ಟಿಯ ಪೂರ್ತಿ ಬೆಲೆ ಬೇಕಾಗುವುದಿಲ್ಲ. ಆದ್ದರಿಂದ ಆ ಮಟ್ಟಕ್ಕೆ ಸಂಬಂಧಿಸಿದಂತೆ ಲಾಸ್‌ಪೆಯರ್ ಸೂಚ್ಯಂಕವು ಮೇಲ್ಮಿತಿ. ಹೊಸ ಜೀವನಮಟ್ಟಕ್ಕೆ ಸಂಬಂಧಿಸಿದಂತೆ ಪಾಷೆ ಸೂಚ್ಯಂಕವು ಕೆಳಮಿತಿ. ಅಮೆರಿಕದ ಇರ್ವಿಂಗ್ ಫಿಷರ್ ಪ್ರತಿಪಾದಿಸಿದ 'ಆದರ್ಶ' ಸೂಚ್ಯಂಕವು ಇವೆರಡರ ಗುಣೋತ್ತರ ಸರಾಸರಿ, ಅಂದರೆ ಎರಡನ್ನೂ ಗುಣಿಸಿ ವರ್ಗಮೂಲ ತೆಗೆದಾಗ ಬರುವ ಅಂಕಿ. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 137 ಆಗುತ್ತದೆ.

ಹಾಗಾದರೆ ಎಲ್ಲರೂ ಫಿಷರ್ ಸೂತ್ರವನ್ನೇ ಬಳಸಬಾರದೇಕೆ ಎಂದು ನೀವು ಕೇಳಬಹುದು. ಅದಕ್ಕೆ ಈ ತಿಂಗಳು ಜನರು ಏನನ್ನು ಎಷ್ಟು ಕೊಂಡರು ಎಂಬುದು ಈ ತಿಂಗಳೇ ತಿಳಿಯಬೇಕು. ಬೆಲೆಗಳು ಕೆಲವೇ ವಾರಗಳಲ್ಲಿ ಕೈಸೇರುತ್ತವೆ, ಆದರೆ ಕುಟುಂಬಗಳ ವೆಚ್ಚ ಸಮೀಕ್ಷೆ ಮುಗಿದು ಲೆಕ್ಕ ಸಿಗಲು ವರ್ಷವೇ ಹಿಡಿಯಬಹುದು. ಹೀಗಾಗಿ ನಡೆಯುತ್ತಿರುವ ಲೆಕ್ಕವೆಲ್ಲ ಸಾಮಾನ್ಯವಾಗಿ ಎಂದೋ ಅಳೆದ ಬುಟ್ಟಿಯದು. ಪಠ್ಯಪುಸ್ತಕದಲ್ಲಿರುವ ಶುದ್ಧ ಲಾಸ್‌ಪೆಯರ್ ಕೂಡ ಆಚರಣೆಯಲ್ಲಿ ಅಪರೂಪ.

ಇಲ್ಲಿ ಒಂದು ಮಾತನ್ನು ನಿಮ್ಮ ಸಹೋದ್ಯೋಗಿಗಳಿಗೆ ಹೇಳಬಹುದು. ಅಮೆರಿಕದ ಸೆನೆಟ್ ಸಮಿತಿಯೊಂದು ನೇಮಿಸಿದ್ದ ಬಾಸ್ಕಿನ್ ಆಯೋಗವು 1996ರಲ್ಲಿ ಅಲ್ಲಿನ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ದೋಷವಿದೆಯೆಂದೇ ಹೇಳಿತು. ಆದರೆ ದೋಷದ ದಿಕ್ಕು ನಿಮ್ಮ ಸಹೋದ್ಯೋಗಿಗಳು ಊಹಿಸಿದ್ದಕ್ಕೆ ವಿರುದ್ಧವಾಗಿತ್ತು: ಸೂಚ್ಯಂಕವು ಜೀವನ ವೆಚ್ಚದ ಏರಿಕೆಯನ್ನು ವರ್ಷಕ್ಕೆ ಸುಮಾರು 1.1 ಶೇಕಡಾ ಅಂಶದಷ್ಟು ಹೆಚ್ಚಾಗಿ ತೋರಿಸುತ್ತಿದೆ ಎಂಬುದು ಅದರ ತೀರ್ಮಾನ. ಆ ಅಂದಾಜನ್ನು ಎಲ್ಲರೂ ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು.

ಒಳಲೆಕ್ಕ

ಅಳತೆಗೋಲು ಅವರ ವಿವರಣೆ ಸರಿಯಾಗಿದೆ, ಆದರೆ ಅದು ಒಬ್ಬನೇ ಗ್ರಾಹಕನಿರುವ ಲೋಕದ ವಿವರಣೆ. ಪ್ರಶ್ನೆ ಕೇಳಿದವರಿಗೆ ನಿಜವಾಗಿ ತಾಗುತ್ತಿರುವುದು ಬೇರೆಯದು ಎಂದು ನನಗೆ ಅನಿಸುತ್ತದೆ. ಪ್ರಕಟವಾಗುವ ಸೂಚ್ಯಂಕ ಯಾರ ಬುಟ್ಟಿಯದು?

ಬುಟ್ಟಿಯಲ್ಲಿ ಪ್ರತಿ ವಸ್ತುವಿಗೆ ಸಿಗುವ ತೂಕವನ್ನು ಎಲ್ಲ ಕುಟುಂಬಗಳ ಒಟ್ಟು ಖರ್ಚಿನಲ್ಲಿ ಆ ವಸ್ತುವಿನ ಪಾಲು ಎಷ್ಟೆಂದು ನೋಡಿ ನಿರ್ಧರಿಸುತ್ತಾರೆ. ಇದರಿಂದ ಹೆಚ್ಚು ಖರ್ಚು ಮಾಡುವ ಕುಟುಂಬಕ್ಕೆ ಹೆಚ್ಚು ದನಿ ದಕ್ಕುತ್ತದೆ. ಎರಡು ಕುಟುಂಬಗಳಿವೆಯೆಂದು ಭಾವಿಸಿ: ಒಂದರ ಖರ್ಚು 900, ಇನ್ನೊಂದರದು 100. ಮೊದಲನೆಯದು ಕೊಳ್ಳುವ ವಸ್ತುಗಳ ಬೆಲೆ ಶೇ 4ರಷ್ಟೂ ಎರಡನೆಯದು ಕೊಳ್ಳುವ ವಸ್ತುಗಳ ಬೆಲೆ ಶೇ 10ರಷ್ಟೂ ಏರಿದರೆ, ಒಟ್ಟು ಖರ್ಚಿನ ತೂಕದಲ್ಲಿ ಬರುವ ಏರಿಕೆ ಶೇ 4.6. ಪ್ರತಿ ಕುಟುಂಬಕ್ಕೂ ಒಂದೊಂದು ಮತ ಕೊಟ್ಟಂತೆ ಲೆಕ್ಕ ಹಾಕಿದರೆ ಅದು ಶೇ 7. ಸಿಗ್ಬರ್ಟ್ ಪ್ರೇಸ್ ಎಂಬ ಅರ್ಥಶಾಸ್ತ್ರಜ್ಞರು 1959ರಲ್ಲೇ ಈ ಭೇದವನ್ನು ಎತ್ತಿ ತೋರಿಸಿದ್ದರು. ಅಂದಿನಿಂದ ಮೊದಲನೆಯದನ್ನು ಧನಿಕಪ್ರಧಾನ ಸೂಚ್ಯಂಕವೆಂದೂ ಎರಡನೆಯದನ್ನು ಪ್ರಜಾಸತ್ತಾತ್ಮಕ ಸೂಚ್ಯಂಕವೆಂದೂ ಕರೆಯುವ ರೂಢಿ ಇದೆ. ಪ್ರಕಟವಾಗುವ ಸೂಚ್ಯಂಕಗಳು ಸಾಮಾನ್ಯವಾಗಿ ಮೊದಲನೆಯ ಬಗೆಯವು.

ಇದನ್ನು ಮೋಸವೆಂದು ನಾನು ಹೇಳುವುದಿಲ್ಲ. ಇಡೀ ಅರ್ಥವ್ಯವಸ್ಥೆಯಲ್ಲಿ ಬೆಲೆಗಳು ಎಷ್ಟು ಏರಿದವೆಂದು ತಿಳಿಯಬೇಕಾದ ಕೇಂದ್ರ ಬ್ಯಾಂಕಿಗೆ ಒಟ್ಟು ಖರ್ಚಿನ ತೂಕವೇ ಸರಿ. ವೇತನವನ್ನೋ ಪಿಂಚಣಿಯನ್ನೋ ಕಾಪಾಡುವುದಕ್ಕೆ ಅದೇ ಅಂಕಿಯನ್ನು ತಂದು ಕೂರಿಸಿದಾಗ ಮಾತ್ರ ಅದು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತಾಗುತ್ತದೆ. ಆದಾಯ ಕಡಿಮೆ ಇರುವ ಕುಟುಂಬಗಳ ಖರ್ಚಿನಲ್ಲಿ ಆಹಾರ ಮತ್ತು ಇಂಧನದ ಪಾಲು ದೊಡ್ಡದು ಎಂಬುದು ಎಲ್ಲೆಡೆಯೂ ಕಂಡುಬಂದಿರುವ ಸಂಗತಿ. ಆಹಾರದ ಮಟ್ಟಿಗೆ ಇದನ್ನು ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಗುರುತಿಸಿದ್ದರು. ಅವೆರಡರ ಬೆಲೆ ಉಳಿದವುಗಳಿಗಿಂತ ವೇಗವಾಗಿ ಏರಿದ ವರ್ಷಗಳಲ್ಲಿ ಸರಾಸರಿಯ ಸೂಚ್ಯಂಕ ಅಂಥವರ ಕೈ ಹಿಡಿಯುವುದಿಲ್ಲ. ಅವು ನಿಧಾನವಾಗಿ ಏರಿದ ವರ್ಷಗಳಲ್ಲಿ ಅದೇ ಸೂಚ್ಯಂಕ ಅವರಿಗೆ ಲಾಭ ತರುತ್ತದೆ, ಆದರೆ ಆ ವರ್ಷಗಳಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ.

ನೆನಪಿನ ವಿಷಯವನ್ನೂ ಸೇರಿಸುತ್ತೇನೆ. ದಿನವೂ ಕೊಳ್ಳುವ ವಸ್ತುವಿನ ಬೆಲೆ ಏರಿದ್ದು ನಮಗೆ ದಿನವೂ ಚುಚ್ಚುತ್ತದೆ, ಐದು ವರ್ಷಕ್ಕೊಮ್ಮೆ ಕೊಳ್ಳುವ ಯಂತ್ರದ ಬೆಲೆ ಇಳಿದದ್ದು ಗಮನಕ್ಕೇ ಬರುವುದಿಲ್ಲ. ಜಮಾಖರ್ಚು ಅವರು ಪುಸ್ತಕ ಬರೆಯುವವರಾದ್ದರಿಂದ ಈ ಆಕ್ಷೇಪ ಅವರಿಗಿಂತ ಹೆಚ್ಚಾಗಿ ಅವರ ಸಹೋದ್ಯೋಗಿಗಳಿಗೆ ಅನ್ವಯಿಸುತ್ತದೆ.

ಜಮಾಖರ್ಚು

ಇಬ್ಬರಿಗೂ ಧನ್ಯವಾದಗಳು. ತೂಕಗಳ ಪಟ್ಟಿಯನ್ನು ತೆಗೆದು ನೋಡಿದೆ. ಅದರಲ್ಲಿ ವಸತಿಗೆ ಶೇ 20ರ ತೂಕವಿದೆ; ನನ್ನ ಖರ್ಚಿನಲ್ಲಿ ಬಾಡಿಗೆಯೊಂದೇ ಶೇ 40ರಷ್ಟಿದೆ. ಇಷ್ಟು ಅಂತರ ಹೇಗೆ ಬಂದೀತು? ಸ್ವಂತ ಮನೆಯಿರುವವರ ವೆಚ್ಚವನ್ನು ಇದರಲ್ಲಿ ಹೇಗೆ ಸೇರಿಸುತ್ತಾರೆ? ಜೊತೆಗೆ, ಎಲೆಕ್ಟ್ರಾನಿಕ್ ಉಪಕರಣಗಳ ಬೆಲೆ ಇಳಿದಿದೆಯೆಂದು ಪಟ್ಟಿಯಲ್ಲಿ ಕಾಣುತ್ತದೆ, ಆದರೆ ಅಂಗಡಿಯಲ್ಲಿ ನಾನು ತೆತ್ತ ಹಣವೇನೂ ಇಳಿದಿಲ್ಲ. ಇದು ಹೇಗೆ?

ಹಳೆಯ ಸಮೀಕ್ಷಕ

ನಾನು ಹಲವು ವರ್ಷ ಬೆಲೆ ಸಂಗ್ರಹಣೆಯ ಕೆಲಸ ಮಾಡಿ ನಿವೃತ್ತನಾದವನು. ಸೂತ್ರಗಳ ಬಗ್ಗೆ ನಡೆಯುವ ಚರ್ಚೆ ನನಗೆ ಯಾವಾಗಲೂ ಸ್ವಲ್ಪ ದೂರದ್ದಾಗಿ ಕಾಣುತ್ತದೆ, ಏಕೆಂದರೆ ಮುಖ್ಯ ತೊಡಕು ಸೂತ್ರಕ್ಕೆ ಬರುವ ಮೊದಲೇ ಶುರುವಾಗುತ್ತದೆ. ಕಳೆದ ತಿಂಗಳು ಬೆಲೆ ಬರೆದುಕೊಂಡ ಅದೇ ವಸ್ತು, ಅದೇ ಮಳಿಗೆಯಲ್ಲಿ, ಅದೇ ಅಳತೆಯಲ್ಲಿ ಈ ತಿಂಗಳೂ ಇರಬೇಕು. ಎಷ್ಟೋ ಸಲ ಅದು ಇರುವುದೇ ಇಲ್ಲ. ಅದರ ಜಾಗದಲ್ಲಿ ಹೊಸ ಮಾದರಿ ಕುಳಿತಿರುತ್ತದೆ, ಬೆಲೆಯೂ ಹೆಚ್ಚಾಗಿರುತ್ತದೆ. ಆ ಹೆಚ್ಚಳದಲ್ಲಿ ಶುದ್ಧ ಬೆಲೆ ಏರಿಕೆ ಎಷ್ಟು, ಗುಣಮಟ್ಟ ಹೆಚ್ಚಿದ್ದಕ್ಕೆ ತೆತ್ತ ಹಣ ಎಷ್ಟು ಎಂದು ಯಾರಾದರೂ ತೀರ್ಮಾನಿಸಲೇಬೇಕು. ಪೂರ್ತಿ ಏರಿಕೆಯೆಂದು ಬರೆದರೆ ಹಣದುಬ್ಬರ ಹೆಚ್ಚಾಗಿ ಕಾಣುತ್ತದೆ, ಪೂರ್ತಿ ಗುಣಮಟ್ಟವೆಂದು ಬರೆದರೆ ಕಡಿಮೆಯಾಗಿ ಕಾಣುತ್ತದೆ.

ಎಲೆಕ್ಟ್ರಾನಿಕ್ ಉಪಕರಣಗಳ ವಿಷಯದಲ್ಲಿ ಹೆಡೋನಿಕ್ ವಿಧಾನ ಎಂಬುದನ್ನು ಹಲವು ದೇಶಗಳು ಬಳಸುತ್ತವೆ. ಸ್ಮರಣಶಕ್ತಿ, ವೇಗ, ಪರದೆಯ ಗಾತ್ರ ಮೊದಲಾದ ಒಂದೊಂದು ಗುಣಕ್ಕೂ ಮಾರುಕಟ್ಟೆ ಎಷ್ಟು ಬೆಲೆ ಕಟ್ಟುತ್ತಿದೆಯೆಂದು ಸಂಖ್ಯಾಶಾಸ್ತ್ರದ ಮೂಲಕ ಅಂದಾಜು ಮಾಡಿ, ಹೊಸ ಮಾದರಿಯಲ್ಲಿ ಹೆಚ್ಚಾದ ಗುಣಗಳ ಬೆಲೆಯನ್ನು ಕಳೆಯುತ್ತಾರೆ. ಹೀಗೆ ಮೊದಲಿನಷ್ಟೇ ಹಣಕ್ಕೆ ಎರಡು ಪಟ್ಟು ಶಕ್ತಿಯ ಯಂತ್ರ ಸಿಕ್ಕರೆ ಸೂಚ್ಯಂಕದಲ್ಲಿ ಅದರ ಬೆಲೆ ಇಳಿದಂತೆ ದಾಖಲಾಗುತ್ತದೆ. ತರ್ಕ ಸರಿಯೇ. ಆದರೆ ಹಳೆಯ, ಕಡಿಮೆ ಶಕ್ತಿಯ ಮಾದರಿಯೇ ತಮಗೆ ಸಾಕಾಗಿತ್ತು, ಈಗ ಅದು ಮಾರುಕಟ್ಟೆಯಲ್ಲೇ ಇಲ್ಲ ಎನ್ನುವವರಿಗೆ ಈ ಇಳಿಕೆ ಕಾಗದದ ಮೇಲಿನದು. ಅವರ ದೂರಿನಲ್ಲಿ ಹುರುಳಿಲ್ಲವೆಂದು ನಾನು ಎಂದೂ ವಾದಿಸಲಿಲ್ಲ. ಇದಕ್ಕೆ ವಿರುದ್ಧವಾದ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಿಬಿಡುತ್ತೇನೆ: ಪೊಟ್ಟಣದ ಬೆಲೆ ಹಾಗೆಯೇ ಇದ್ದು ಒಳಗಿನ ತೂಕ ಕಡಿಮೆಯಾದರೆ ಸೂಚ್ಯಂಕ ಮೋಸಹೋಗುತ್ತದೆಂದು ಹಲವರು ನಂಬಿದ್ದಾರೆ. ನಾವು ಪೊಟ್ಟಣದ ಅಳತೆಯನ್ನೂ ಬರೆದುಕೊಳ್ಳುತ್ತಿದ್ದೆವು. ತೂಕ ಇಳಿದರೆ ಅದನ್ನು ಬೆಲೆ ಏರಿಕೆಯೆಂದೇ ಪರಿಗಣಿಸಲಾಗುತ್ತದೆ.

ವಸತಿಯ ವಿಷಯ ಇದಕ್ಕಿಂತ ಜಟಿಲ. ಮನೆ ಕೊಳ್ಳುವುದೆಂದರೆ ಆಸ್ತಿ ಮಾಡಿದಂತೆ. ಅದರಲ್ಲಿ ವಾಸಿಸುವುದು ಮಾತ್ರ ಬಳಕೆ. ಈ ಬಳಕೆಯ ಬೆಲೆಯನ್ನು ಹೇಗೆ ಕಾಣಬೇಕೆಂಬುದರಲ್ಲಿ ದೇಶಗಳಿಗೆ ಒಮ್ಮತವಿಲ್ಲ. ತಮ್ಮದೇ ಮನೆಯನ್ನು ಬಾಡಿಗೆಗೆ ಪಡೆದಿದ್ದರೆ ಎಷ್ಟು ತೆರಬೇಕಾಗುತ್ತಿತ್ತು ಎಂಬ ಸಮಾನ ಬಾಡಿಗೆಯ ವಿಧಾನವನ್ನು ಅಮೆರಿಕ 1983ರಿಂದ ಅನುಸರಿಸುತ್ತಿದೆ. ಅದಕ್ಕೂ ಮೊದಲು ಮನೆಗಳ ಮಾರಾಟ ಬೆಲೆ ಮತ್ತು ಸಾಲದ ಬಡ್ಡಿ ಲೆಕ್ಕದಲ್ಲಿ ಸೇರುತ್ತಿದ್ದವು. ಯೂರೋ ವಲಯದ ಸಮನ್ವಿತ ಸೂಚ್ಯಂಕವು ಸ್ವಂತ ಮನೆಯವರ ಈ ವೆಚ್ಚವನ್ನು ಹೊರಗೇ ಇಟ್ಟುಕೊಂಡು ಬಂದಿದೆ. ನಿಮ್ಮ ಸೂಚ್ಯಂಕದಲ್ಲಿ ಬಾಡಿಗೆಯೇ ಇಲ್ಲದ, ಸ್ವಂತ ಮನೆಯ ಕುಟುಂಬಗಳೂ ಸರಾಸರಿಯೊಳಗೆ ಬೆರೆತಿರುವುದರಿಂದ ಶೇ 20 ಮತ್ತು ಶೇ 40ರ ಅಂತರ ನನಗೇನೂ ವಿಚಿತ್ರವಾಗಿ ಕಾಣುವುದಿಲ್ಲ. ಅದೂ ಅಲ್ಲದೆ, ಸೂಚ್ಯಂಕವು ಎಲ್ಲ ಬಾಡಿಗೆದಾರರು ತೆರುತ್ತಿರುವ ಬಾಡಿಗೆಯನ್ನು ನೋಡುತ್ತದೆ. ಅವರಲ್ಲಿ ಬಹುಮಂದಿಯ ಒಪ್ಪಂದ ಆ ತಿಂಗಳು ಬದಲಾಗಿರುವುದಿಲ್ಲ. ಹೊಸ ಒಪ್ಪಂದಗಳಲ್ಲಿನ ಏರಿಕೆ ಸೂಚ್ಯಂಕದಲ್ಲಿ ತಡವಾಗಿ, ಮೆಲ್ಲಗೆ ಇಳಿದುಬರುತ್ತದೆ. ನೀವು ಈ ವರ್ಷ ಮನೆ ಬದಲಾಯಿಸಿದ್ದರೆ ಆ ಏರಿಕೆ ನಿಮಗೆ ಒಂದೇ ಏಟಿಗೆ ಬಿದ್ದಿರುತ್ತದೆ.

ಅಳತೆಗೋಲು

ಸಮೀಕ್ಷಕರ ಮಾತನ್ನು ಒಪ್ಪುತ್ತೇನೆ, ಆದರೆ ಸೂತ್ರ ದೂರದ ವಿಷಯ ಎಂಬುದನ್ನು ಮಾತ್ರ ಒಪ್ಪಲಾರೆ. ವೇತನ ಒಪ್ಪಂದಕ್ಕೆ ಸಹಿ ಹಾಕುವವರು ತಿಳಿದಿರಲೇಬೇಕಾದ ಸೂತ್ರದ ದೋಷವೊಂದಿದೆ.

ಒಂದೇ ಬಗೆಯ ವಸ್ತು ಎರಡು ಮಳಿಗೆಗಳಲ್ಲಿದೆ. ಬೆಲೆ ಒಂದರಲ್ಲಿ 10, ಇನ್ನೊಂದರಲ್ಲಿ 20. ಮುಂದಿನ ತಿಂಗಳು ಅವು ಅದಲುಬದಲಾಗುತ್ತವೆ. ಮೊದಲನೆಯದರ ಅನುಪಾತ 2, ಎರಡನೆಯದರದು 0.5. ಈ ಅನುಪಾತಗಳ ಸಾಮಾನ್ಯ ಸರಾಸರಿ 1.25, ಅಂದರೆ ಶೇ 25ರ ಏರಿಕೆ. ಮೂರನೆಯ ತಿಂಗಳು ಬೆಲೆಗಳು ಮೊದಲಿನಂತಾದರೆ ಮತ್ತೆ 1.25, ಎರಡನ್ನೂ ಸರಪಳಿಯಂತೆ ಗುಣಿಸಿದರೆ 1.5625. ಬೆಲೆಗಳೆಲ್ಲ ಹೊರಟ ಜಾಗಕ್ಕೇ ಮರಳಿದ್ದರೂ ಸೂಚ್ಯಂಕ ಶೇ 56 ಮೇಲೆ ನಿಂತಿರುತ್ತದೆ! 1764ರಲ್ಲಿ ಇಟಲಿಯ ಕಾರ್ಲಿ ಬಳಸಿದ ಈ ಸರಾಸರಿಯ ಬದಲು 1863ರಲ್ಲಿ ಜೆವನ್ಸ್ ಸೂಚಿಸಿದ ಗುಣೋತ್ತರ ಸರಾಸರಿಯನ್ನು ತೆಗೆದುಕೊಂಡರೆ ಎರಡೂ ತಿಂಗಳು ಉತ್ತರ 1 ಬರುತ್ತದೆ.

ಇದು ಬರಿಯ ಪಂಡಿತರ ಜಗಳವಲ್ಲ. ಬ್ರಿಟನ್ನಿನ ಚಿಲ್ಲರೆ ಬೆಲೆ ಸೂಚ್ಯಂಕದ ಕೆಲವು ಭಾಗಗಳಲ್ಲಿ ಕಾರ್ಲಿ ಸೂತ್ರ ಉಳಿದುಕೊಂಡಿದ್ದರಿಂದಲೇ 2013ರಲ್ಲಿ ಅದು ರಾಷ್ಟ್ರೀಯ ಅಂಕಿಅಂಶವೆಂಬ ಮಾನ್ಯತೆಯನ್ನು ಕಳೆದುಕೊಂಡಿತು. ಆದರೂ ಅದನ್ನು ನಿಲ್ಲಿಸಲಾಗಲಿಲ್ಲ, ಏಕೆಂದರೆ ಸರ್ಕಾರದ ಸೂಚ್ಯಂಕ ಆಧಾರಿತ ಸಾಲಪತ್ರಗಳು ಅದಕ್ಕೇ ಕಟ್ಟುಬಿದ್ದಿವೆ. ಅದರ ವಿಧಾನವನ್ನು 2030ರ ಫೆಬ್ರವರಿಯಿಂದ ಬದಲಾಯಿಸಲು ತೀರ್ಮಾನವಾಗಿದೆ. ಅಮೆರಿಕದಲ್ಲಿ ಇನ್ನೊಂದು ಬಗೆಯ ಪಾಠ ಸಿಗುತ್ತದೆ: ಜನರ ಆಯ್ಕೆ ಬದಲಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸರಪಳಿ ಸೂಚ್ಯಂಕವನ್ನು 2002ರಿಂದ ಪ್ರಕಟಿಸುತ್ತಿದ್ದಾರೆ, ಆದರೆ ಅದರ ಮೊದಲ ಅಂಕಿ ತಾತ್ಕಾಲಿಕ, ನಂತರ ಪರಿಷ್ಕಾರವಾಗುತ್ತದೆ. ಒಮ್ಮೆ ಕೊಟ್ಟ ವೇತನವನ್ನು ಹಿಂದಕ್ಕೆ ಪಡೆಯಲಾಗದು, ಆದ್ದರಿಂದ ವೇತನಕ್ಕೆ ಪರಿಷ್ಕಾರವಾಗದ ಸೂಚ್ಯಂಕವೇ ಬೇಕು. ಬೆಲೆ ಸೂಚ್ಯಂಕವನ್ನೇ ಏಕೆ ಬಳಸುತ್ತಾರೆ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಭಾಗ ಇದೇ: ಅದು ಬೇಗ ಬರುತ್ತದೆ, ಬದಲಾಗುವುದಿಲ್ಲ, ಎರಡೂ ಪಕ್ಷದವರು ಅದನ್ನು ತಾವೇ ತಾಳೆ ನೋಡಬಹುದು.

ಸಣ್ಣ ಅಂತರವೆಂದು ಯಾವುದನ್ನೂ ತಳ್ಳಿಹಾಕಬೇಡಿ. ವರ್ಷಕ್ಕೆ ಶೇ 1ರ ವ್ಯತ್ಯಾಸ ಇಪ್ಪತ್ತು ವರ್ಷಗಳಲ್ಲಿ ಶೇ 22 ಆಗುತ್ತದೆ.

ಜಮಾಖರ್ಚು

ವಾರಾಂತ್ಯವಿಡೀ ಪುಸ್ತಕ ಹಿಡಿದು ಕುಳಿತಿದ್ದೆ. ಕಳೆದ ವರ್ಷದ ಪ್ರಮಾಣಗಳನ್ನೇ ಇಟ್ಟುಕೊಂಡು ಈ ವರ್ಷದ ಬೆಲೆ ಹಾಕಿದಾಗ ಏರಿಕೆ ಶೇ 11 ಅಲ್ಲ, ಶೇ 8. ಉಳಿದದ್ದು ನಾವೇ ಹೆಚ್ಚು ಕೊಂಡದ್ದು ಮತ್ತು ಮೇಲಿನ ದರ್ಜೆಯದನ್ನು ಕೊಂಡದ್ದು. ಅದಕ್ಕೆ ಬೆಲೆಯನ್ನು ದೂರಿ ಪ್ರಯೋಜನವಿಲ್ಲ.

ಆಮೇಲೆ ಆ ಶೇ 8ನ್ನು ಬಿಡಿಸಿ ನೋಡಿದೆ. ಬಾಡಿಗೆ ಶೇ 14ರಷ್ಟು ಏರಿದೆ (ಸಮೀಕ್ಷಕರ ಊಹೆ ನಿಜ, ನಾವು ಮನೆ ಬದಲಾಯಿಸಿದೆವು), ಉಳಿದೆಲ್ಲವೂ ಒಟ್ಟಾಗಿ ಶೇ 4ರಷ್ಟು ಏರಿದೆ. ಇವೇ ಏರಿಕೆಗಳಿಗೆ ನನ್ನ ಶೇ 40ರ ಬದಲು ಸೂಚ್ಯಂಕದ ಶೇ 20ರ ತೂಕ ಹಾಕಿದರೆ ಬರುವುದು ಸರಿಯಾಗಿ ಶೇ 6. ಎಲ್ಲರ ಬಾಡಿಗೆಯೂ ನನ್ನದರಷ್ಟು ಏರಿರಲಾರದು, ಆದ್ದರಿಂದ ಈ ಹೊಂದಿಕೆಯಲ್ಲಿ ಕಾಕತಾಳೀಯವೂ ಇದೆ ಎಂಬ ಅರಿವು ನನಗಿದೆ. ಆದರೂ ಸೂಚ್ಯಂಕ ಸುಳ್ಳೆಂಬ ಮಾತನ್ನು ಸಭೆಯಲ್ಲಿ ನಾನು ಎತ್ತುವುದಿಲ್ಲ. ಬೇಡಿಕೆಯ ಕರಡಿನಲ್ಲಿ ಎರಡು ವಾಕ್ಯಗಳನ್ನು ಹೊಸದಾಗಿ ಬರೆದಿದ್ದೇನೆ: ಬಾಡಿಗೆ ಮನೆಯಲ್ಲಿರುವ ನೌಕರರ ವಸತಿ ಭತ್ಯೆಯನ್ನು ಒಟ್ಟು ಸೂಚ್ಯಂಕದ ಬದಲು ಅದರ ಬಾಡಿಗೆ ಉಪಸೂಚ್ಯಂಕಕ್ಕೆ ಹೊಂದಿಸಬೇಕು, ಸೂಚ್ಯಂಕದ ಸೂತ್ರವಾಗಲಿ ಆಧಾರ ವರ್ಷವಾಗಲಿ (ಸೂಚ್ಯಂಕವನ್ನು 100 ಎಂದಿಟ್ಟ ವರ್ಷ) ಬದಲಾದರೆ ಹಳೆಯದಕ್ಕೂ ಹೊಸದಕ್ಕೂ ಕೊಂಡಿ ಹೇಗೆ ಹಾಕಬೇಕೆಂಬುದು ಒಪ್ಪಂದದಲ್ಲೇ ಬರೆದಿರಬೇಕು. ಎರಡನೆಯ ವಾಕ್ಯದಲ್ಲಿ ಪದಗಳು ಸಡಿಲವಾಗಿವೆಯೆಂದು ಅನಿಸಿದರೆ ದಯವಿಟ್ಟು ತಿದ್ದಿಕೊಡಿ.